ಹಳಿ ಬಂತು, ಇನ್ನು ಹೊತ್ತಿಗೆ ಗಾಡಿ ಬರಲಿ

ಮಕ್ತಲ್‌ಗೆ ದಕ್ಕಿತು, ಗದ್ವಾಲ್‌ಗೆ ಕೂಡಿತು, ನಾರಾಯಣಪೇಟೆಗೆ ಇನ್ನೂ ಹೆಸರು ಮಾತ್ರ

ಮಕ್ತಲ್: ನಾರಾಯಣಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಹೊಸಬರು ‘ರೈಲ್ವೆ ಸ್ಟೇಷನ್ ಯಾವ ಕಡೆ?’ ಎಂದು ಕೇಳಿದರೆ ಊರವರಿಗೆ ನಗು ಬರುತ್ತದೆ. ‘ನಾರಾಯಣಪೇಟೆ ರೋಡ್’ ಎಂದು ಹಿಂದಿನಿಂದ ಹೆಸರಾದ ಸ್ಟೇಷನ್ ಇರುವುದು ನಾರಾಯಣಪೇಟೆಯಲ್ಲಲ್ಲ, ತೆಲಂಗಾಣದಲ್ಲೂ ಅಲ್ಲ. ಅದು ಗಡಿಯಾಚೆ, ಕರ್ನಾಟಕದ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿದೆ. ಹೆಸರು ನಮ್ಮದು, ಹಳಿ ಅವರದು! ಸೀರೆ ಗಂಟು ಕಟ್ಟಿಕೊಂಡು ಸೊಲ್ಲಾಪುರ, ಪುಣೆ ಕಡೆ ಹೊರಟವರು ಮೊದಲು ಸೈದಾಪುರದ ದಾರಿ ಹಿಡಿಯುವುದು ತಲೆಮಾರುಗಳ ರೂಢಿ.

ಕೃಷ್ಣಾ ಊರಿನದು ಇದರ ಉಲ್ಟಾ ಕಥೆ. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದೊಡ್ಡ ಮಾರ್ಗ ಹೊಳೆ ದಂಡೆಯ ಕೃಷ್ಣಾ ಮೇಲೆಯೇ ಹಾದುಹೋಗಿದೆ. ಒಂದೂವರೆ ಶತಮಾನದಿಂದ ಮುಂಬೈ, ಚೆನ್ನೈ ಗಾಡಿಗಳ ಶಿಳ್ಳೆ ಕೇಳುತ್ತ ಬಂದ ಈ ಊರಿಗೆ ಪಕ್ಕದ ಮಕ್ತಲ್‌ಗೆ ಹೋಗಲು ಹಳಿ ಇರಲಿಲ್ಲ. ರೈಲಿನಲ್ಲಿ ಹೈದರಾಬಾದ್‌ಗೆ ಹೋಗಬೇಕೆಂದರೆ ವಾಡಿ, ತಾಂಡೂರು, ವಿಕಾರಾಬಾದ್ ಸುತ್ತಿ ಬರಬೇಕಿತ್ತು.

ಆ ಕೊರತೆ ನೀಗಿದ್ದು 2023 ಅಕ್ಟೋಬರ್ 1ರಂದು. ಅಂದು ಮೆಹಬೂಬನಗರಕ್ಕೆ ಬಂದಿದ್ದ ಪ್ರಧಾನಿ ನರೇಂದ್ರ ಮೋದಿ ಅವರು ಜಕ್ಲೇರ್–ಕೃಷ್ಣಾ ಹೊಸ ಮಾರ್ಗವನ್ನು ಉದ್ಘಾಟಿಸಿ, ಕಾಚಿಗುಡ–ರಾಯಚೂರು ಗಾಡಿಗೆ ಹಸಿರು ನಿಶಾನೆ ತೋರಿದರು. ಮಕ್ತಲ್, ಮಾಗನೂರು ಊರುಗಳು ರೈಲ್ವೆ ನಕಾಶೆಯಲ್ಲಿ ಕಾಣಿಸಿಕೊಂಡವು. ಗಡಿ ಎರಡೂ ಕಡೆಯ ಜನ ಸಂತೋಷಪಟ್ಟರು. ಆದರೆ ಹಳಿ ಬಂದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿದೆ. ಹಳಿ ಇದ್ದರಷ್ಟೇ ಸಾಕೆ? ಅದರ ಮೇಲೆ ನಮ್ಮ ಹೊತ್ತಿಗೆ ಗಾಡಿ ಬೇಡವೆ? ಬಂದ ಗಾಡಿಯಲ್ಲಿ ನಾವು ಟಿಕೆಟ್ ತಗೊಂಡು ಕೂಡಬೇಡವೆ?

26 ವರ್ಷದ ಆಮೆ ನಡಿಗೆ

ಇದು ಒಂದು ದಿನದಲ್ಲಿ ಆದ ಕೆಲಸವಲ್ಲ. ಮುನಿರಾಬಾದ್–ಮೆಹಬೂಬನಗರ ಹೊಸ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997-98ರ ಬಜೆಟ್‌ನಲ್ಲಿ. ಆಗ ರಾಮ್ ವಿಲಾಸ್ ಪಾಸ್ವಾನ್ ರೈಲ್ವೆ ಮಂತ್ರಿ. ಒಟ್ಟು ಉದ್ದ ಸುಮಾರು 240 ಕಿ.ಮೀ. ಕೊಪ್ಪಳ ಜಿಲ್ಲೆಯ ಗಿಣಿಗೇರಾದಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ಮೇಲೆ ರಾಯಚೂರು. ಅಲ್ಲಿಂದ ಹಳೇ ಹಳಿಯ ಮೇಲೆ ಹೊಳೆ ದಾಟಿ ಕೃಷ್ಣಾ. ಮುಂದೆ ಮಾಗನೂರು, ಮಕ್ತಲ್, ಜಕ್ಲೇರ್, ದೇವರಕದ್ರ, ಮೆಹಬೂಬನಗರ. ಬಳ್ಳಾರಿ–ಹುಬ್ಬಳ್ಳಿ ಸೀಮೆಯನ್ನು ಹೈದರಾಬಾದಿಗೆ ನೆಟ್ಟಗೆ ಕೂಡಿಸುವ ಯೋಜನೆ ಇದು.

ಆದರೆ ಕೆಲಸ ಸಾಗಿದ್ದು ತುಂಡು ತುಂಡಾಗಿ. ಒಂದು ಬಜೆಟ್‌ನಲ್ಲಿ ಇಷ್ಟು ದುಡ್ಡು, ಇನ್ನೊಂದರಲ್ಲಿ ಅಷ್ಟು. ಭೂಮಿ ಸ್ವಾಧೀನ ಒಂದು ಕಡೆ, ಮಣ್ಣು ಏರಿಸುವ ಕೆಲಸ ಇನ್ನೊಂದು ಕಡೆ. ಈಚೆಗೆ ದೇವರಕದ್ರದಿಂದ ಜಕ್ಲೇರ್‌ವರೆಗಿನ ಭಾಗ 2017ರಲ್ಲಿ ಮುಗಿಯಿತು. ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿ.ಮೀ.ಗೆ ಇನ್ನೂ ಆರು ವರ್ಷ ಹಿಡಿಯಿತು. ಈ 37 ಕಿ.ಮೀ.ಗೆ ತಗುಲಿದ ಖರ್ಚು 500 ಕೋಟಿ ರೂ.ಗೂ ಹೆಚ್ಚು. ಲೆಕ್ಕ ಹಾಕಿದರೆ ಒಂದೊಂದು ಕಿ.ಮೀ.ಗೆ 13 ಕೋಟಿ ರೂ.ಗೂ ಮೇಲೆ. ಮಂಜೂರಾದ ವರ್ಷ ಹುಟ್ಟಿದ ಕೂಸು, ಗಾಡಿ ಬರುವ ಹೊತ್ತಿಗೆ ಮದುವೆ ವಯಸ್ಸಿಗೆ ಬಂದಿತ್ತು.

ಆಚೆ ಕರ್ನಾಟಕದ ಕಡೆಯ ಕಥೆಯೂ ಬೇರೆಯೇನಲ್ಲ. ಗಂಗಾವತಿಗೆ ಗಾಡಿ ಬಂದಿದ್ದು 2019ರಲ್ಲಿ. ಸಿಂಧನೂರಿಗೆ ಬಂದಿದ್ದು 2024ರ ಮಾರ್ಚ್‌ನಲ್ಲಿ. ಸಿಂಧನೂರು–ರಾಯಚೂರು ನಡುವಿನ ತುಂಡನ್ನು ಅದರ ಮುಂದಿನ ಕೆಲಸವಾಗಿ ಉಳಿಸಿಕೊಳ್ಳಲಾಯಿತು. ಈ ತುಂಡು ಕೂಡಿದರೇನೇ ಮೂಲ ಯೋಜನೆ ಪೂರ್ತಿಯಾಗುವುದು. ಆಗ ಮಕ್ತಲ್‌ನಲ್ಲಿ ಹತ್ತಿದವರು ಗಾಡಿ ಬದಲಿಸದೆ ಗಂಗಾವತಿ, ಕೊಪ್ಪಳ, ಹುಬ್ಬಳ್ಳಿ ಕಡೆಗೆ ಹೋಗುವ ದಾರಿ ತೆರೆಯುತ್ತದೆ. ಹುಬ್ಬಳ್ಳಿ ಕಡೆ ಬೀಗತನ ಬೆಳೆಸಿದ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ.

ಗದ್ವಾಲ್‌ಗೆ ಹತ್ತು ವರ್ಷ ಮೊದಲೇ

ಗದ್ವಾಲ್ ಈ ವಿಷಯದಲ್ಲಿ ಪುಣ್ಯ ಮಾಡಿದ ಊರು. ಸಿಕಂದರಾಬಾದ್–ಕರ್ನೂಲ್–ದ್ರೋಣಾಚಲಂ ಹಳಿ ಅದಕ್ಕೆ ಮೊದಲಿಂದಲೂ ಇತ್ತು. ಆದರೂ ರಾಯಚೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಕರ್ನೂಲ್, ದ್ರೋಣಾಚಲಂ, ಗುಂತಕಲ್, ಆದೋನಿ ಎಂದು ದೊಡ್ಡ ಪ್ರದಕ್ಷಿಣೆ ಹಾಕಬೇಕಿತ್ತು. ನಕಾಶೆ ಮೇಲೆ ಬೆರಳಿಟ್ಟು ನೋಡಿದರೆ ಎರಡೂ ಊರು ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಒಂದೇ ದೋಆಬದಲ್ಲಿವೆ. ಮಧ್ಯೆ ಒಂದು ದೊಡ್ಡ ಹೊಳೆಯೂ ಅಡ್ಡ ಬರುವುದಿಲ್ಲ. ಅಷ್ಟಾದರೂ ಸುಮಾರು 58 ಕಿ.ಮೀ. ಹಳಿ ಹಾಸಲು ಇಷ್ಟು ವರ್ಷ ಬೇಕಾಯಿತು.

2013ರ ಅಕ್ಟೋಬರ್‌ನಲ್ಲಿ, ಮಲ್ಲಿಕಾರ್ಜುನ ಖರ್ಗೆ ಅವರು ರೈಲ್ವೆ ಮಂತ್ರಿಯಾಗಿದ್ದಾಗ, ರಾಯಚೂರು–ಗದ್ವಾಲ್ ಗಾಡಿ ಶುರುವಾಯಿತು. ಪಾಂಡುರಂಗಸ್ವಾಮಿ ರೋಡ್ ಎಂಬ ಸ್ಟೇಷನ್ ನಡುವೆ ಬರುತ್ತದೆ. ಗಡಿ ಹಳ್ಳಿಗಳ ಹತ್ತಿ, ಮೆಣಸಿನಕಾಯಿ ಬೆಳೆಗಾರರಿಗೆ ರಾಯಚೂರು ಮಾರುಕಟ್ಟೆ ಇನ್ನಷ್ಟು ಹತ್ತಿರವಾಯಿತು.

ಇಲ್ಲೊಂದು ಹಳೇ ಸಂಗತಿ ನೆನಪಿಸಬೇಕು. 1956ರ ನವೆಂಬರ್ 1ಕ್ಕೆ ಮೊದಲು ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆ ವೇಳೆ ಗೆರೆ ಎಳೆದಾಗ ತಾಲ್ಲೂಕುಗಳು ಆ ಕಡೆ ಈ ಕಡೆ ಹೋದವು. ತವರುಮನೆ, ಗಂಡನ ಮನೆ, ಹೊಲ, ಸಾಲದ ಅಂಗಡಿ ಮಾತ್ರ ಇದ್ದಲ್ಲೇ ಉಳಿದವು. ಅಡುಗೆಮನೆಯಲ್ಲಿ ಒಂದು ಮಾತು, ಅಂಗಡಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಆಡುವ ಜನ ನಾವು. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಒಂದೇ ಪ್ಲಾಟ್‌ಫಾರಂ ಮೇಲೆ ಕೇಳಿಸುತ್ತವೆ. ಆದ್ದರಿಂದ ರಾಯಚೂರು ಗಾಡಿ ಎಂದರೆ ನಮಗೆ ಹೊರರಾಜ್ಯದ ಗಾಡಿ ಅಲ್ಲ, ಊರಿನ ಗಾಡಿ.

ಯಾರಿಗೆ ಬೇಕು ಈ ಗಾಡಿ?

ಮೊದಲನೆಯದಾಗಿ ಓದುವ ಮಕ್ಕಳಿಗೆ. ಗಡಿಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದ ಮಕ್ಕಳಿಗೆ ಮುಂದೆ ಪಿಯುಸಿ, ಡಿಗ್ರಿ ಕನ್ನಡದಲ್ಲಿ ಬೇಕೆಂದರೆ ರಾಯಚೂರೋ ಯಾದಗಿರಿಯೋ ಗತಿ. ಹಾಸ್ಟೆಲ್ ಸಿಕ್ಕರೆ ಸರಿ, ಸಿಗದಿದ್ದರೆ ದಿನಾ ಓಡಾಟ. ಬೆಳಿಗ್ಗೆ ಕಾಲೇಜ್ ಹೊತ್ತಿಗೆ ರಾಯಚೂರು ತಲುಪಿಸಿ, ಸಂಜೆ ಕತ್ತಲಾಗುವ ಮೊದಲು ಊರಿಗೆ ತರುವ ಗಾಡಿ ಇದ್ದರೆ ಎಷ್ಟೋ ಹೆಣ್ಣುಮಕ್ಕಳ ಓದು ಹತ್ತನೆಗೇ ನಿಲ್ಲುವುದಿಲ್ಲ. ಇದು ಬರೇ ಅನುಕೂಲದ ಮಾತಲ್ಲ, ಓದು ಮುಂದುವರಿಯುವುದೋ ಇಲ್ಲವೋ ಎಂಬ ಮಾತು.

ಎರಡನೆಯದಾಗಿ ರೋಗಿಗಳಿಗೆ. ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗುವವರು, ಮೆಹಬೂಬನಗರ, ಹೈದರಾಬಾದ್ ದವಾಖಾನೆಗೆ ಹೋಗುವವರು ಎರಡೂ ಕಡೆ ಇದ್ದಾರೆ. ಡಯಾಲಿಸಿಸ್ ಎಂದೋ ಹೆರಿಗೆ ತಪಾಸಣೆ ಎಂದೋ ಮತ್ತೆ ಮತ್ತೆ ಹೋಗುವವರಿಗೆ ಜೀಪಿನಲ್ಲಿ ಜಗ್ಗಾಡುವುದಕ್ಕಿಂತ ರೈಲಿನ ಸೀಟು ಮೇಲು.

ಮೂರನೆಯದಾಗಿ ದುಡಿಯಲು ಹೋಗುವವರಿಗೆ. ಪಾಲಮೂರು ಕೂಲಿಗಳೆಂದು ಊರೂರಲ್ಲಿ ಹೆಸರು ಬಿದ್ದವರು ಈ ಸೀಮೆಯವರೇ. ಸುಗ್ಗಿ ಮುಗಿದ ಮೇಲೆ ಮೂಟೆ, ಪಾತ್ರೆ, ಕೂಸು ಕಟ್ಟಿಕೊಂಡು ಹೈದರಾಬಾದಿನ ಕಟ್ಟಡ ಕೆಲಸಕ್ಕೆ, ಪುಣೆ ಮುಂಬೈಗೆ ಹೊರಡುತ್ತಾರೆ. ಹೈದರಾಬಾದಿನಲ್ಲಿ 2017ರ ನವೆಂಬರ್‌ನಲ್ಲಿ ಮೆಟ್ರೋ ಬಂತು. ಅಲ್ಲಿ ಒಂದು ಗಾಡಿ ತಪ್ಪಿದರೆ ಹತ್ತು ನಿಮಿಷದೊಳಗೆ ಇನ್ನೊಂದು. ನಮ್ಮಲ್ಲಿ ‘ಗಾಡಿ ಹೋತೇನ್ರಿ?’ ಎಂಬ ಮಾತಿಗೆ ‘ಹೋತು’ ಎಂದು ಉತ್ತರ ಬಂದರೆ ಆ ದಿನದ ಕೂಲಿಯೇ ಹೋದಂತೆ.

ನಾಲ್ಕನೆಯವರು ನೇಕಾರರು ಮತ್ತು ಸೀರೆ ವ್ಯಾಪಾರಿಗಳು. ನಾರಾಯಣಪೇಟೆ ಸೀರೆಗೂ ಗದ್ವಾಲ್ ಸೀರೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಹಾರಾಷ್ಟ್ರದ ಮನೆಗಳಲ್ಲಿ ನಾರಾಯಣಪೇಟೆ ಸೀರೆಗೆ ಇರುವ ಮರ್ಯಾದೆ ಹೇಳಬೇಕಿಲ್ಲ. ಐದನೆಯವರು ಭಕ್ತರು. ಕೃಷ್ಣಾ ನಡುಗಡ್ಡೆಯ ಕುರುವಪುರಕ್ಕೆ, ಶ್ರೀಪಾದ ಶ್ರೀವಲ್ಲಭರ ಸ್ಥಾನಕ್ಕೆ, ಮಹಾರಾಷ್ಟ್ರದಿಂದ ದತ್ತ ಭಕ್ತರು ವರ್ಷವಿಡೀ ಬರುತ್ತಾರೆ. ಹೊಳೆಯ ಈ ಕಡೆಯ ದಾರಿ ಮಕ್ತಲ್ ಸೀಮೆಯ ಪಂಚದೇವಪಹಾಡ್ ಮೇಲಿಂದ. ಸ್ಟೇಷನ್‌ನಿಂದ ಅಲ್ಲಿಗೆ ಒಂದು ನಂಬಿಕಸ್ಥ ಬಸ್ ಇದ್ದರೆ ಈ ಜನವೂ ರೈಲು ಹತ್ತುತ್ತಾರೆ.

ಪುಕ್ಕಟೆ ಬಸ್ಸಿನ ಎದುರು ರೈಲು

ಹಾಗಿದ್ದರೆ ಗಾಡಿ ತುಂಬಿ ತುಳುಕಬೇಕಲ್ಲ? ಇಲ್ಲೇ ಒಂದು ತೊಡಕಿದೆ. ಕಾಚಿಗುಡ–ರಾಯಚೂರು ಗಾಡಿ ಶುರುವಾದ ಎರಡೂಕಾಲು ತಿಂಗಳಿಗೆ, 2023 ಡಿಸೆಂಬರ್ 9ರಂದು, ತೆಲಂಗಾಣ ಸರ್ಕಾರ ಮಹಾಲಕ್ಷ್ಮಿ ಯೋಜನೆಯಲ್ಲಿ ಮಹಿಳೆಯರಿಗೆ ಆರ್‌ಟಿಸಿ ಬಸ್ ಪುಕ್ಕಟೆ ಮಾಡಿತು. ಕರ್ನಾಟಕದಲ್ಲಿ ಶಕ್ತಿ ಯೋಜನೆ ಅದೇ ವರ್ಷ ಜೂನ್ 11ರಂದೇ ಬಂದಿತ್ತು. ಮಕ್ತಲ್‌ನಿಂದ ಮೆಹಬೂಬನಗರಕ್ಕೆ ಪುಕ್ಕಟೆ ಬಸ್ ಇರುವಾಗ ಹೆಣ್ಣುಮಕ್ಕಳು ಟಿಕೆಟ್ ಕೊಟ್ಟು ರೈಲಿಗೆ ಯಾಕೆ ಕಾಯ್ತಾರೆ? ಬಡವರ ಮನೆಯಲ್ಲಿ ಹತ್ತಿಪ್ಪತ್ತು ರೂಪಾಯಿಯೂ ಲೆಕ್ಕವೇ. ಅದನ್ನು ತಪ್ಪೆನ್ನಲಾಗದು.

ಆದರೆ ಗಡಿ ದಾಟುವಾಗ ಲೆಕ್ಕ ಬದಲಾಗುತ್ತದೆ. ತೆಲಂಗಾಣದ ಪುಕ್ಕಟೆ ಟಿಕೆಟ್ ಗಡಿಯವರೆಗೆ ಮಾತ್ರ. ಆಚೆಯ ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ. ಮಕ್ತಲ್‌ಗೆ ಕೊಟ್ಟ ರಾಯಚೂರಿನ ಮಗಳು ತವರಿಗೆ ಹೋಗುವಾಗ ಅರ್ಧ ದಾರಿ ಪುಕ್ಕಟೆ, ಅರ್ಧ ದಾರಿ ದುಡ್ಡು. ಮದುವೆಯಾಗಿ ಆಧಾರ್ ವಿಳಾಸ ಬದಲಾದರೆ ತವರು ರಾಜ್ಯದ ಬಸ್ಸಿನಲ್ಲೇ ಆಕೆ ಪರದೇಶಿ. ರೈಲಿಗೆ ಈ ರಗಳೆ ಇಲ್ಲ. ಹತ್ತಿದಲ್ಲಿಂದ ಇಳಿಯುವಲ್ಲಿವರೆಗೆ ಒಂದೇ ಟಿಕೆಟ್, ಯಾವ ರಾಜ್ಯದ ಕಾರ್ಡೂ ತೋರಿಸಬೇಕಿಲ್ಲ. ಗಡಿ ಕುಟುಂಬಗಳಿಗೆ ರೈಲಿನ ನಿಜವಾದ ಉಪಯೋಗ ಇದೇ.

ದರದ ವಿಷಯದಲ್ಲೂ ಒಂದು ಸಮಾಧಾನವಿದೆ. ಕೊರೊನಾ ನಂತರ ಪ್ಯಾಸೆಂಜರ್ ಗಾಡಿಗಳಿಗೂ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ ಟಿಕೆಟ್ 10ರಿಂದ 30 ರೂ.ಗೆ ಏರಿಸಿದ್ದರು. 2024ರ ಫೆಬ್ರುವರಿ ಕೊನೆಯಲ್ಲಿ ಅದನ್ನು ಮತ್ತೆ 10 ರೂ.ಗೆ ಇಳಿಸಿದರು. ಎಕ್ಸ್‌ಪ್ರೆಸ್ ಎಂದು ಓಡುವ ಗಾಡಿಗಳ ದರ ಬೇರೆ ಇರುವುದರಿಂದ ಹತ್ತುವ ಮೊದಲು ಕಿಟಕಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಟಿಕೆಟ್ಟೇ ನಮ್ಮ ಅರ್ಜಿ

ಗಾಡಿ ಹೆಚ್ಚಿಸಿ, ಹೊತ್ತು ಬದಲಿಸಿ, ಸ್ಟಾಪ್ ಕೊಡಿ ಎಂದು ಮನವಿ ಪತ್ರಗಳು ಹೋಗುತ್ತಲೇ ಇರುತ್ತವೆ. ಮನವಿ ಬೇಕು. ಆದರೆ ರೈಲ್ವೆ ಅಧಿಕಾರಿ ಮೊದಲು ತೆಗೆದು ನೋಡುವುದು ಮನವಿಯನ್ನಲ್ಲ, ಅಂಕಿಯನ್ನು. ಒಂದು ಸ್ಟೇಷನ್ ಯಾವ ದರ್ಜೆಯದು, ಅಲ್ಲಿ ನೀರು, ನೆರಳು, ಶೌಚಾಲಯ, ಬೆಂಚು ಎಷ್ಟಿರಬೇಕು ಎಂಬುದೆಲ್ಲ ಅಲ್ಲಿಂದ ಹೊರಡುವ ಪ್ರಯಾಣಿಕರ ಸಂಖ್ಯೆ ಮತ್ತು ಟಿಕೆಟ್ ಗಳಿಕೆ ಮೇಲೆ ನಿಂತಿದೆ. ಹೊಸ ಸ್ಟಾಪ್ ಕೊಟ್ಟರೂ ಎಷ್ಟೋ ಸಲ ಪ್ರಯೋಗಕ್ಕೆಂದು ಕೊಡುತ್ತಾರೆ. ಟಿಕೆಟ್ ಆಗದಿದ್ದರೆ ಅದನ್ನು ಕಸಿದುಕೊಳ್ಳಲು ಕಾರಣ ಸಿಕ್ಕಂತೆ.

‘ಎರಡು ಸ್ಟೇಷನ್ ದಾರಿ, ಟಿಕೆಟ್ ಯಾಕ್ ಬೇಕ್ರಿ?’ ಎನ್ನುವವರು ಇದನ್ನು ತಿಳಿಯಬೇಕು. ಟಿಕೆಟ್ ಇಲ್ಲದೆ ಹತ್ತಿದವನು ದಂಡಕ್ಕೆ ಸಿಗುವುದು ಒಂದು ಕಡೆ ಇರಲಿ. ಅವನು ರೈಲ್ವೆ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಡಬ್ಬಿ ತುಂಬ ಜನ ನಿಂತಿದ್ದರೂ ಪುಸ್ತಕದಲ್ಲಿ ಖಾಲಿ ಗಾಡಿ. ಖಾಲಿ ಗಾಡಿಗೆ ಜೋಡಿ ಗಾಡಿ ಯಾರೂ ಕೊಡುವುದಿಲ್ಲ.

ದಿನಾ ಓಡಾಡುವವರಿಗೆ ಸೀಸನ್ ಟಿಕೆಟ್ ಎಂಬ ಸೌಲಭ್ಯವಿದೆ. 150 ಕಿ.ಮೀ.ವರೆಗೆ ತಿಂಗಳ ಪಾಸ್, ಮೂರು ತಿಂಗಳ ಪಾಸ್ ಸಿಗುತ್ತದೆ. ಮಕ್ತಲ್–ರಾಯಚೂರು, ಗದ್ವಾಲ್–ರಾಯಚೂರು ಎರಡೂ ಅದರೊಳಗೇ ಬರುತ್ತವೆ. ದಿನದ ಟಿಕೆಟ್ ಕೂಡಿಸಿದರೆ ಆಗುವುದಕ್ಕಿಂತ ಇದು ಬಹಳ ಅಗ್ಗ. ಮೊಬೈಲ್ ಇದ್ದವರು ಅದರಲ್ಲೇ ಟಿಕೆಟ್ ತೆಗೆಯಬಹುದು. 2025ರ ಜುಲೈನಲ್ಲಿ ರೈಲ್ವೆ ‘ರೈಲ್‌ಒನ್’ ಎಂಬ ಆ್ಯಪ್ ತಂದಿದೆ. ಗಾಡಿಗಳ ವೇಳೆ ಆಗಾಗ ಬದಲಾಗುವುದರಿಂದ ಹೊರಡುವ ಮೊದಲು 139ಕ್ಕೆ ಫೋನ್ ಮಾಡಿ ಕೇಳುವುದು ವಾಸಿ.

ತೊಡಕು ಎಲ್ಲಿದೆ?

ಗಾಡಿ ಹೆಚ್ಚಿಸಲು ರೈಲ್ವೆಗೂ ತನ್ನದೇ ತೊಡಕುಗಳಿವೆ. ದೇವರಕದ್ರ–ಕೃಷ್ಣಾ ಒಂಟಿ ಹಳಿ. ಎದುರಿನಿಂದ ಗಾಡಿ ಬಂದರೆ ಒಂದು ಸ್ಟೇಷನ್‌ನಲ್ಲಿ ನಿಂತು ದಾರಿ ಬಿಡಬೇಕು. ಕೃಷ್ಣಾದಿಂದ ಮುಂದೆ ಹೊಳೆ ಸೇತುವೆ ದಾಟಿ ರಾಯಚೂರಿಗೆ ಹೋಗುವುದು ಮುಂಬೈ–ಚೆನ್ನೈ ದೊಡ್ಡ ಮಾರ್ಗದ ಮೇಲೆ. ಅಲ್ಲಿ ದೂರದ ಎಕ್ಸ್‌ಪ್ರೆಸ್‌ಗಳು, ಗೂಡ್ಸ್ ಗಾಡಿಗಳ ದಟ್ಟಣೆ. ಸಣ್ಣ ಗಾಡಿ ಬದಿಗೆ ನಿಂತು ಕಾಯುವ ಸಂದರ್ಭ ಬರುತ್ತದೆ.

ಇನ್ನೊಂದು ತುದಿಯಲ್ಲಿ ಒಳ್ಳೆಯ ಬೆಳವಣಿಗೆ ಆಗಿದೆ. ಸಿಕಂದರಾಬಾದ್–ಮೆಹಬೂಬನಗರ ನಡುವಿನ 85 ಕಿ.ಮೀ. ಜೋಡಿ ಹಳಿ ಕೆಲಸ ಸುಮಾರು 1,410 ಕೋಟಿ ರೂ. ವೆಚ್ಚದಲ್ಲಿ ಮುಗಿದು 2023 ಏಪ್ರಿಲ್ 8ರಂದು ಉದ್ಘಾಟನೆಯಾಯಿತು. ಮೆಹಬೂಬನಗರ–ದ್ರೋಣಾಚಲಂ ಜೋಡಿ ಹಳಿಗೆ ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಗದ್ವಾಲ್ ಇರುವುದು ಇದೇ ದಾರಿಯಲ್ಲಿ. ಅಂದರೆ ಹೈದರಾಬಾದ್ ಕಡೆಯ ಇಕ್ಕಟ್ಟು ಸಡಿಲವಾದಂತೆ ನಮ್ಮ ಕಡೆಗೆ ಗಾಡಿ ಬಿಡಲು ಜಾಗ ಸಿಗುತ್ತದೆ. ‘ಹಳಿ ಇಲ್ಲ’ ಎಂಬ ನೆವ ಇನ್ನು ಮೊದಲಿನಷ್ಟು ನಡೆಯುವುದಿಲ್ಲ.

ನಾರಾಯಣಪೇಟೆಯ ಸರದಿ ಯಾವಾಗ?

ನಾರಾಯಣಪೇಟೆ 2019 ಫೆಬ್ರುವರಿ 17ರಿಂದ ಜಿಲ್ಲಾ ಕೇಂದ್ರ. ಜಿಲ್ಲೆಗೆ ರೈಲು ಬಂತು, ಜಿಲ್ಲಾ ಕೇಂದ್ರಕ್ಕೆ ಬರಲಿಲ್ಲ. ವಿಕಾರಾಬಾದ್‌ನಿಂದ ಪರಿಗಿ, ಕೊಡಂಗಲ್, ನಾರಾಯಣಪೇಟೆ, ಮಕ್ತಲ್ ಮೇಲೆ ಕೃಷ್ಣಾಕ್ಕೆ ಕೂಡುವ ಇನ್ನೊಂದು ಮಾರ್ಗದ ಮಾತು ವರ್ಷಗಳಿಂದ ಇದೆ. ಸರ್ವೆಗಳಾಗಿವೆ. ಕೊಡಂಗಲ್ ಶಾಸಕ ರೇವಂತ್ ರೆಡ್ಡಿ ಅವರು 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿಯಾದ ಮೇಲೆ ಈ ಬೇಡಿಕೆಗೆ ಮತ್ತೆ ಜೀವ ಬಂದು, ಕೇಂದ್ರದ ಮುಂದೆ ಹೋಗಿದೆ. ಆದರೆ ಮುನಿರಾಬಾದ್ ಮಾರ್ಗಕ್ಕೆ 26 ವರ್ಷ ಕಾದವರಿಗೆ ಸರ್ವೆ ಎಂಬ ಪದ ಕೇಳಿದರೆ ಹೊಟ್ಟೆ ತುಂಬುವುದಿಲ್ಲ.

ಆ ಹಳಿ ಬರುವವರೆಗೆ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಕೋಟಿಗಟ್ಟಲೆ ದುಡ್ಡೂ ಬೇಡ. ನಾರಾಯಣಪೇಟೆಯಿಂದ ಜಕ್ಲೇರ್, ಮಕ್ತಲ್ ಸ್ಟೇಷನ್‌ಗಳಿಗೆ, ಆಚೆ ಸೈದಾಪುರಕ್ಕೆ ಗಾಡಿ ಹೊತ್ತು ನೋಡಿ ಬಸ್ ಬಿಡುವುದು. ರೈಲು ಬಂದಾಗ ಬಸ್ ಇಲ್ಲ, ಬಸ್ ಬಂದಾಗ ರೈಲು ಇಲ್ಲ ಎಂದಾದರೆ 500 ಕೋಟಿಯ ಹಳಿ ಇದ್ದೂ ಇಲ್ಲದಂತೆ. ಆರ್‌ಟಿಸಿ ಡಿಪೊ ಮತ್ತು ಸ್ಟೇಷನ್ ನಡುವೆ ಒಂದು ಫೋನಿನಲ್ಲಿ ಮುಗಿಯುವ ಮಾತಿದು.

ಗಡಿ ಕುಟುಂಬಗಳ ಬೇಡಿಕೆ ದೊಡ್ಡದೇನಲ್ಲ. ಬೆಳಿಗ್ಗೆ ಕಾಲೇಜ್, ಕೋರ್ಟ್, ದವಾಖಾನೆ ಹೊತ್ತಿಗೆ ರಾಯಚೂರು ಸೇರಿಸುವ ಒಂದು ಗಾಡಿ. ಸಂಜೆ ವಾಪಸ್ ತರುವ ಒಂದು ಗಾಡಿ. ಇದೇ ರೀತಿ ಮೆಹಬೂಬನಗರದ ಕಡೆಗೆ ಒಂದು ಜೋಡಿ. ಸ್ಟೇಷನ್ ಫಲಕ, ಘೋಷಣೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಜೊತೆ ಕನ್ನಡವೂ ಇದ್ದರೆ ಅಕ್ಷರ ಬಲ್ಲ ಅಜ್ಜಿಯೂ ಒಬ್ಬಳೇ ಹೋಗಿ ಬಂದಾಳು. ವೇಳಾಪಟ್ಟಿ ಪರಿಷ್ಕರಣೆಗೆ ಮುಂಚೆ ಎರಡೂ ರಾಜ್ಯದ ಸಂಸದರು, ಶಾಸಕರು ಒಟ್ಟಿಗೆ ಕೂತು ಈ ಮಾತು ರೈಲ್ವೆಗೆ ಮುಟ್ಟಿಸಬೇಕು. ಒಬ್ಬರು ಹೈದರಾಬಾದ್ ಕಡೆ, ಇನ್ನೊಬ್ಬರು ಬೆಂಗಳೂರು ಕಡೆ ಮುಖ ಮಾಡಿ ಕೂತರೆ ನಡುವಿನ ನಮ್ಮ ಹಳಿ ತುಕ್ಕು ಹಿಡಿಯುತ್ತದೆ.

ಅವರು ಮಾಡುವುದು ಅವರು ಮಾಡಲಿ. ನಾವು ಮಾಡುವುದು ನಾಳೆಯೇ ಆಗುತ್ತದೆ. ಬರುವ ಹಬ್ಬಕ್ಕೆ ತವರಿಗೋ ಬೀಗರ ಮನೆಗೋ ಹೋಗುವವರು ಒಂದು ಸಲ ರೈಲಿನಲ್ಲಿ ಹೋಗಿ ನೋಡ್ರಿ. ಹತ್ತುವ ಮೊದಲು ಕಿಟಕಿಗೆ ಹೋಗಿ, ಮನೆಮಂದಿಗೆಲ್ಲ ಟಿಕೆಟ್ ತಗೊಳ್ರಿ.